ಮದುವೆ ಕಾರ್ಡುಗಳ ತೂಕ ಇಳಿಸಿದ್ದು

ಶಿವಾಜಿನಗರದ ನಮ್ಮ ಪ್ರೆಸ್ಸಿನಲ್ಲಿ ಅಚ್ಚಾದ ಮದುವೆ ಕಾರ್ಡುಗಳಿಗೆಲ್ಲ ಇಪ್ಪತ್ತೆರಡು ವರ್ಷ ನಾನೇ ಚಿತ್ರ ಬರೆದೆ. ಹಿಂದೂಗಳಿಗೆ ಬಾಳೆಕಂಬ, ಕಳಶ, ಮುಸಲ್ಮಾನರಿಗೆ ಕಮಾನು, ಕ್ರೈಸ್ತರಿಗೆ ಗಂಟೆ, ರಿಬ್ಬನ್ನು. ಕಾನ್ವೆಂಟಿನಲ್ಲಿ ಡ್ರಾಯಿಂಗ್ ಸಿಸ್ಟರ್ ತಿದ್ದಿದ ಕೈ ನನ್ನದು. ಪ್ರೆಸ್ಸು ನಮ್ಮ ಯಜಮಾನರ ಅಣ್ಣನದು, ಅಂದರೆ ನನ್ನ ಭಾವನವರದು. ಯಜಮಾನರು ಮೆಷಿನ್ ನೋಡಿಕೊಳ್ಳುತ್ತಿದ್ದರು. ಹಲಸೂರಿನಲ್ಲಿ ಮನೆಯೂ ಒಂದೇ, ಒಲೆಯೂ ಒಂದೇ. ಹಾಗಾಗಿ ನಾನು ಮಾಡುತ್ತಿದ್ದುದನ್ನು ಯಾರೂ ಕೆಲಸ ಎಂದು ಕರೆಯಲಿಲ್ಲ. “ನಮ್ಮನೆ ಹುಡುಗಿ ಬರ್ಕೊಡ್ತಾಳೆ, ಯೋಚ್ನೆ ಮಾಡ್ಬೇಡಿ” ಎಂದು ಭಾವ ಗಿರಾಕಿಗಳಿಗೆ ಹೇಳುತ್ತಿದ್ದರು. ಆ ಹುಡುಗಿಗೆ ಆಗ ನಲವತ್ತೆಂಟು.

ಮೂರನೇ ಬಣ್ಣ ಕೇಳಿದರೆ ಮಾತ್ರ ಗದರುತ್ತಿದ್ದರು. ಮೂರನೇ ಬಣ್ಣವೆಂದರೆ ಅದೇ ಕಾಗದ ಮೂರನೇ ಸಲ ಮೆಷಿನ್ನಿಗೆ ಹೋಗಬೇಕು. ಕೆಂಪು ಮತ್ತು ಚಿನ್ನದ ಬಣ್ಣ, ಅಷ್ಟರೊಳಗೇ ನನ್ನ ಪ್ರಪಂಚ.

ಎರಡು ಸಾವಿರದ ಇಸವಿ ದಾಟಿದ ಹೊಸತು. ಇಂದಿರಾನಗರದ ಒಂದು ಡಿಸೈನ್ ಸ್ಟುಡಿಯೋಗೆ ಇಲಸ್ಟ್ರೇಟರ್ ಬೇಕೆಂಬ ಜಾಹೀರಾತು ಕಂಡಿತು. ಮನೆಯಲ್ಲಿ ಹೇಳದೆ, ಫೋನ್ ಬೂತಿಗೆ ಹೋಗಿ ಮಾತಾಡಿದೆ. ಆ ಕಡೆಯ ಹೆಂಗಸು ನನ್ನ ವಯಸ್ಸು ಕೇಳಲಿಲ್ಲ, ಗಂಡನೇನು ಮಾಡುತ್ತಾನೆಂದು ಕೇಳಲಿಲ್ಲ. “ಆನ್‌ಲೈನ್ ಪೋರ್ಟ್‌ಫೋಲಿಯೋ ಇದೆಯಾ?” ಎಂದಳು.

“ಆಫ್ ಕೋರ್ಸ್” ಎಂದುಬಿಟ್ಟೆ. ಇಂಟರ್‌ನೆಟ್ಟನ್ನು ನಾನು ಅಲ್ಲಿಯವರೆಗೆ ಬೋರ್ಡುಗಳ ಮೇಲೆ ಮಾತ್ರ ಓದಿದ್ದೆ.

“ಶನಿವಾರದೊಳಗೆ ಲಿಂಕ್ ಕಳ್ಸಿ. ಹೆವಿ ಇಮೇಜಸ್ ಬೇಡ, ಪ್ಲೀಸ್. ನಮ್ಮ ಲೈನ್ ತುಂಬಾ ಸ್ಲೋ. ಪೇಜ್ ಓಪನ್ ಆಗ್ಲಿಲ್ಲ ಅಂದ್ರೆ ನಾನು ಕಾಯಲ್ಲ.”

ಅವತ್ತು ಸೋಮವಾರ. ಹೊಲಿಗೆಯವಳ ಹತ್ತಿರ ಹೋಗುತ್ತೇನೆಂದು ಸುಳ್ಳು ಹೇಳಿ, ನಮ್ಮವರಾರೂ ಸುಳಿಯದ ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯ ಸೈಬರ್ ಸೆಂಟರಿಗೆ ಬಸ್ಸು ಹಿಡಿದೆ. ಅದರ ಮಾಲೀಕರು ಮೊದಲು ಫೋಟೋ ಸ್ಟುಡಿಯೋ ಇಟ್ಟಿದ್ದ ಸಾಹೇಬರು, ಹೆಚ್ಚುಕಡಿಮೆ ನನ್ನ ವಯಸ್ಸಿನವರು. ಪ್ರೆಸ್ಸಿನ ಸ್ಯಾಂಪಲ್ ಆಲ್ಬಮ್ ಭಾವನ ಮೇಜಿನ ಮೇಲಿರುತ್ತಿತ್ತು, ಅದನ್ನು ತರುವಂತಿರಲಿಲ್ಲ. ನಾನು ಒಯ್ದದ್ದು ನಮ್ಮ ಮನೆಗೇ ಬಂದ ಆಹ್ವಾನಗಳನ್ನು. ಅರ್ಧ ಹಲಸೂರು ನಮ್ಮಲ್ಲೇ ಕಾರ್ಡು ಮಾಡಿಸಿ, ನಾಲ್ಕು ಮೂಲೆಗೂ ಅರಿಶಿನ ಹಚ್ಚಿ, ನಮ್ಮನ್ನೇ ಕರೆಯುತ್ತಿತ್ತಲ್ಲ.

ಮೊದಲ ಕಾರ್ಡು ಸ್ಕ್ಯಾನರಿನಿಂದ ಪರದೆಗೆ ಬಂತು. ನನ್ನ ಚಿನ್ನದ ಬಳ್ಳಿಯೆಲ್ಲ ಕರ‍್ರಗೆ ಇದ್ದಿಲಾಗಿತ್ತು.

“ಮೇಡಂ, ಇದು ಮದ್ವೆ ಕಾರ್ಡಾ, ತಿಥಿ ಕಾರ್ಡಾ?” ಎಂದರು ಸಾಹೇಬರು.

“ರೀ, ಬಿಡ್ತು ಅನ್ನಿ!”

“ಬಿಡ್ತು, ಬಿಡ್ತು. ಮೆಷಿನ್‌ದು ತಪ್ಪು, ನಂದಲ್ಲ. ಹೊಳೆಯೋದು ಅದರ ಕಣ್ಣಿಗೆ ಕಪ್ಪೇ ಕಾಣೋದು.”

ಕಪ್ಪಾದಲ್ಲೆಲ್ಲ ಸಾಸಿವೆ ಹಳದಿ ತುಂಬುವುದನ್ನು ತೋರಿಸಿಕೊಟ್ಟರು. ಅದಾದ ಮೇಲೆ ತೂಕದ ಪ್ರಶ್ನೆ. ಒಂದೊಂದು ಚಿತ್ರ ತೆರೆಯುವಷ್ಟರಲ್ಲಿ ಒಂದು ಹಿಡಿ ಬೆಂಡೆಕಾಯಿ ಹೆಚ್ಚಬಹುದಿತ್ತು. ಫೋಟೋಗಳನ್ನು ಕುಗ್ಗಿಸುವ ರೀತಿಯಲ್ಲೇ ಕುಗ್ಗಿಸಿದರು. ಹಗುರವೇನೋ ಆಯಿತು, ಆದರೆ ಗೆರೆಗಳ ಸುತ್ತ ಕೊಳೆ ಕೂತ ಹಾಗೆ ಮಸುಕು. ಇಪ್ಪತ್ತೆರಡು ವರ್ಷದ ಗೆರೆ ಅದು. ನನಗೆ ಅಳು ಬಂತು.

ಬುಧವಾರ ಅವರೇ ಇನ್ನೊಂದು ದಾರಿ ಹುಡುಕಿದ್ದರು. ಚಿತ್ರಕ್ಕೆ ಇಷ್ಟೇ ಬಣ್ಣ ಎಂದು ಲೆಕ್ಕ ಕೊಟ್ಟು ಉಳಿಸುವ ವಿಧಾನ. “ಫೋಟೋ ಆದ್ರೆ ಇದು ಕೆಟ್ಟೋಗತ್ತೆ ಮೇಡಂ. ನಿಮ್ದು ಎಷ್ಟು ಬಣ್ಣ?”

“ಎರಡು.”

“ಎರಡೇ?” ಎಂದು ನಕ್ಕು, ಧಾರಾಳವಾಗಿಯೇ ಹದಿನಾರು ಬಣ್ಣಕ್ಕೆ ಇಳಿಸಿದರು. ಬಳ್ಳಿಯ ಕುಡಿ ಕೂದಲಷ್ಟು ತೆಳ್ಳಗೆ ನಿಂತಿತು. ಆದರೆ ಕೆಂಪು ಮಂಕಾಗಿ ಕಂದಾಗಿತ್ತು. ಯಾಕೆಂದು ಅವರಿಗೂ ತಿಳಿಯಲಿಲ್ಲ. ನಾನು ಬಣ್ಣದ ಪಟ್ಟಿಯನ್ನು ನೋಡುತ್ತಾ ಕೂತೆ. ಹದಿನಾರರಲ್ಲಿ ಹನ್ನೊಂದು ಹಳದಿ! ಮೂಲೆಯ ಅರಿಶಿನ ಬೆರಳೊತ್ತಿದ ಕಡೆ ಗಾಢ, ಅಂಚಿನಲ್ಲಿ ತಿಳಿ. ಒಂದೊಂದು ಛಾಯೆಯೂ ಒಂದೊಂದು ಜಾಗ ಹಿಡಿದಿತ್ತು. ನನ್ನ ಕೆಂಪಿಗೆ ಉಳಿದದ್ದು ಎಂಜಲು.

ಮೂರು ಮಧ್ಯಾಹ್ನ ಕೂತು ಹದಿನಾಲ್ಕು ಮದುವೆಗಳ ಅರಿಶಿನ ಅಳಿಸಿದೆ. ಕೈ ಸುಮ್ಮನೆ ಅಳಿಸಲಿಲ್ಲ. ಒಂದೊಂದು ಮೂಲೆಗೂ ಮನಸ್ಸಿನಲ್ಲೇ ಸಾರಿ ಕೇಳುತ್ತಿದ್ದೆ. ಶನಿವಾರ ಹನ್ನೊಂದಕ್ಕೆ ಸಾಹೇಬರು ಜೋಡಿಸಿಕೊಟ್ಟ ಪೇಜ್ ತೆರೆದರೆ ಹದಿನಾಲ್ಕೂ ಚಿತ್ರಗಳು ಸರಸರನೆ ಮೇಲಿಂದ ಕೆಳಗೆ ಇಳಿದವು. ಕಾರ್ಡಿನ ತಳದಲ್ಲಿ ಇರುವೆಯಷ್ಟು ಸಣ್ಣದಾಗಿದ್ದ ಪ್ರೆಸ್ಸಿನ ಫೋನ್ ನಂಬರು ಕೂಡ ಓದುವ ಹಾಗಿತ್ತು. ಅಷ್ಟು ಶಾರ್ಪ್! ಹೆಮ್ಮೆಯಿಂದಲೇ ಅದನ್ನು ಹಾಗೇ ಬಿಟ್ಟೆ. ಲಿಂಕ್ ಕಳಿಸಿ, ಬಸ್ಸಿನಲ್ಲಿ ಬರುತ್ತಾ ಭಾವನಿಗೆ ಏನು ಹೇಳಬೇಕೆಂದು ಪ್ರಾಕ್ಟೀಸ್ ಮಾಡಿದೆ. ‘ನಾನು ಬೇರೆ ಕಡೆ ಕೆಲ್ಸಕ್ಕೆ ಹೋಗ್ತೀನಿ.’ ಅವರು ಕೂಗಾಡಿದರೆ ಇದು, ಯಜಮಾನರು ಮುಖ ತಿರುಗಿಸಿದರೆ ಇದು, ಎಂದು ಎಲ್ಲಕ್ಕೂ ಉತ್ತರ ಜೋಡಿಸಿಟ್ಟುಕೊಂಡೆ.

ಮಂಗಳವಾರ ಸಂಜೆ ಭಾವ ಪೇಡದ ಡಬ್ಬಿ ಹಿಡಿದು ಬಂದರು.

“ಏನಮ್ಮಾ, ನಮ್ಮ ಪ್ರೆಸ್ಸನ್ನ ಇಂಟರ್‌ನೆಟ್‌ಗೆ ಹಾಕ್ಬಿಟ್ಟಿದೀಯಂತೆ! ಒಂದ್ ಮಾತು ಹೇಳ್ಬಾರ್ದಾ? ಇಂದಿರಾನಗರದಿಂದ ಯಾರೋ ಮೇಡಂ, ಕಾರ್ಡಲ್ಲಿ ನಂಬರ್ ನೋಡಿ ಫೋನ್ ಮಾಡಿದ್ರು. ಬರೆದೋರು ಕೆಲ್ಸಕ್ಕೆ ಯಾವಾಗ ಬರ್ತಾರೆ ಅಂದ್ರು. ಯಾವ ಕೆಲ್ಸ, ಅವ್ಳು ನಮ್ಮನೆ ಹುಡುಗಿ, ನಿಮ್ದೇನಾದ್ರೂ ಆರ್ಡರ್ ಇದ್ರೆ ಹೇಳಿ ಅಂದೆ.”

ಅವರ ಮುಖದಲ್ಲಿ ಕೋಪದ ಗೆರೆಯೂ ಇರಲಿಲ್ಲ, ಇದ್ದಿದ್ದರೆ ಮಾತಾಡುತ್ತಿದ್ದೆ. ಖುಷಿಯಿಂದ ಕಣ್ಣು ತುಂಬಿಕೊಂಡಿದ್ದರು. “ನಾಳೆನೇ ಕಂಪ್ಯೂಟರ್ ತರಿಸ್ತೀನಿ. ಸೆಕೆಂಡ್ ಹ್ಯಾಂಡ್ ಆದ್ರೂ ಸರಿ. ನೀನು ಆಚೆಗೆಲ್ಲ ಅಲೀಬೇಡ.”

“ನೋಡೇ, ಅಣ್ಣ ನಿನಗೋಸ್ಕರ ತರ‍್ತಿದಾನೆ” ಎಂದು ಯಜಮಾನರು ನನ್ನ ಕೈಗೊಂದು ಪೇಡ ಇಟ್ಟರು. “ಥ್ಯಾಂಕ್ಯೂ ಭಾವ” ಎಂದೆ.

ಮರುದಿನ ತಿಪ್ಪಸಂದ್ರಕ್ಕೆ ಹೋದೆ. ಸ್ಟುಡಿಯೋದಿಂದ ಎರಡು ಮೇಲ್ ಬಂದಿದ್ದವು. ಒಂದರಲ್ಲಿ ಗುರುವಾರ ಬಂದು ನೋಡಿ ಎಂದಿತ್ತು. ಇನ್ನೊಂದು ಭಾವನ ಜತೆ ಮಾತಾಡಿದ ಮೇಲೆ ಬರೆದದ್ದು: ನಿಮ್ಮ ಮನೆಯವರೊಡನೆ ಮನಸ್ತಾಪ ತರಲು ನಮಗೆ ಇಷ್ಟವಿಲ್ಲ, ಆದರೂ ಬರುವುದಾದರೆ ಇವತ್ತೇ ತಿಳಿಸಿ.

‘ಡಿಯರ್ ಮೇಡಂ’ ಎಂದು ಟೈಪ್ ಮಾಡಿದೆ. ಅಲ್ಪವಿರಾಮ ಹಾಕಿದೆ. ಹೊರಗೆ ಸೊಪ್ಪಿನ ಗಾಡಿಯ ಕೂಗು ಬಂತು, ದೂರವಾಯಿತು.

“ಟೈಮ್ ಆಯ್ತು ಮೇಡಂ. ಇನ್ನೊಂದು ಅರ್ಧ ಗಂಟೆ ಹಾಕ್ಲಾ?” ಎಂದರು ಸಾಹೇಬರು.

“ಬೇಡ” ಎಂದು, ಮೇಲನ್ನು ಅಲ್ಪವಿರಾಮದಲ್ಲೇ ಬಿಟ್ಟು ಎದ್ದೆ.

ನಾನು ಪ್ರೆಸ್ಸಿಗೆ ಹಿಂತಿರುಗುವಷ್ಟರಲ್ಲಿ ನನ್ನ ಮೇಜನ್ನು ಕಿಟಕಿಯ ಪಕ್ಕದಿಂದ ಎತ್ತಿ, ಪ್ಲಗ್ ಇರುವ ಗೋಡೆಗೆ ಹಾಕಿದ್ದರು.