ಮೂಗಿನ ಸಾಹೇಬರ ನೆಗಡಿ

ಮೂಗಿನ ಸಾಹೇಬರ ಜಾಗ ಹಾಲಿನ ಕಾರ್ಖಾನೆಯ ಬಾಗಿಲು. ಲಾರಿ ಬಂದು ನಿಂತರೆ ಕ್ಯಾನಿನ ಮುಚ್ಚಳ ತೆಗೆಸಿ, ಅದರ ಒಳಮೈ ಮೂಸಿ, ಕಣ್ಣು ಮುಚ್ಚಿ, "ಒಳಗೆ" ಅಥವಾ "ವಾಪಸ್" ಎನ್ನುವುದಷ್ಟೇ ಅವರ ಕೆಲಸ. "ಒಳಗೆ" ಅಂದ ಹಾಲು ತಣ್ಣಗಾಗಿ, ಉಕ್ಕಿನ ಫಲಕಗಳ ನಡುವೆ ಕಾದು, ಕೆನೆ ಕಳೆದುಕೊಂಡು, ಕಳೆದುಕೊಂಡದ್ದರಲ್ಲೇ ಚೂರು ಭಿಕ್ಷೆ ಪಡೆದು ಪ್ಯಾಕೆಟ್ಟಿಗೆ ಬೀಳುತ್ತಿತ್ತು. ಹುಳಿ ಪರೀಕ್ಷೆಗೆಂದು ಕೋಣೆಯೂ ಇತ್ತು, ಕೆಮಿಸ್ಟೂ ಇದ್ದ. "ಸಾಹೇಬರ ಮೂಗೇ ಒಪ್ಪಿದ ಮೇಲೆ ನನ್ನ ಗಾಜಿನ ಕೊಳವೆ ಇನ್ನೇನು ಹೇಳುತ್ತೆ?" ಎಂದು ಅವನು ಕೊಳವೆಗಳನ್ನು ತೊಳೆದಿಟ್ಟು ಅವುಗಳ ಹೊಳಪು ನೋಡುತ್ತಾ ಕೂರುತ್ತಿದ್ದ.

ಇಂಥ ಮೂಗಿಗೆ ನೆಗಡಿ ಹಿಡಿಯಿತು. ನೆಗಡಿಯಂಥ ರೋಗವಿಲ್ಲ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಅದು ಹೋಗುವಾಗ ವಾಸನೆಯನ್ನೂ ಗಂಟು ಕಟ್ಟಿಕೊಂಡು ಹೋಯಿತು. ಡೀಸೆಲ್ಲೂ ಒಂದೇ, ಹಾಲೂ ಒಂದೇ. ಸಾಹೇಬರು ಹೆದರಿದರು. ಬಾಯಿ ಬಿಟ್ಟರೆ ಕ್ಯಾನ್ ತೊಳೆಯುವ ಕೆಲಸ ಗ್ಯಾರಂಟಿ. ಕ್ಯಾನ್ ತೊಳೆಯುವವರನ್ನು ಕಂಡು ಇಷ್ಟು ವರ್ಷ ಮೂಗು ಮುರಿದವರಿಗೆ ಅದಕ್ಕಿಂತ ಸಾವೇ ವಾಸಿ.

ಆದ್ದರಿಂದ ಅವರು ಹಾಲನ್ನು ಬಿಟ್ಟು ಡ್ರೈವರುಗಳ ಮುಖ ನೋಡತೊಡಗಿದರು. ಮುಖ ಬಾಡಿದ್ದರೆ "ವಾಪಸ್", ಅರಳಿದ್ದರೆ "ಒಳಗೆ". ವಿದ್ಯೆ ಕೆಲವು ವಾರ ಚೆನ್ನಾಗಿಯೇ ನಡೆಯಿತು. ಒಂದು ದಿನ ಹಲ್ಲುನೋವಿನ ಡ್ರೈವರೊಬ್ಬ ಒಳ್ಳೆಯ ಹಾಲನ್ನು ಹೊತ್ತುಕೊಂಡು ಶಾಪ ಹಾಕುತ್ತಾ ಹಿಂತಿರುಗಿದ. ಅವನ ಹಿಂದೆಯೇ ಲಾರಿ ತಂದವನಿಗೆ ಆಗಷ್ಟೇ ಮಗಳು ಹುಟ್ಟಿದ್ದಳು. ಅವನು ಆಸ್ಪತ್ರೆಯಲ್ಲಿ ಮಗುವನ್ನು ಮುದ್ದಾಡುವಷ್ಟು ಹೊತ್ತೂ ಲಾರಿ ಬಿಸಿಲಲ್ಲಿ ನಿಂತಿತ್ತು. ಅವನ ನಗು ನೋಡಿದ್ದೇ ಸಾಹೇಬರು "ಒಳಗೆ!" ಅಂದರು.

ಹುಳಿ ಹಾಲನ್ನು ಕಾಯಿಸಿದರೆ ಮನೆಯ ಪಾತ್ರೆಯಲ್ಲಿ ಏನಾಗುತ್ತದೋ ಕಾರ್ಖಾನೆಯಲ್ಲೂ ಅದೇ ಆಯಿತು. ಒಡೆದ ಹಾಲು ಫಲಕಗಳಿಗೆ ಮೆತ್ತಿಕೊಂಡು ಯಂತ್ರ ನಿಂತಿತು. ಮ್ಯಾನೇಜರಿಂದ ಹಿಡಿದು ಎಲ್ಲರೂ ಅಂಗಿಯ ತೋಳು ಮಡಚಿ ಅದನ್ನು ಕೆರೆಯಲು ಕೂತರು. ಕಟ್ಟಡವೇ ಗಬ್ಬು ನಾರುತ್ತಿತ್ತು. ಅದರ ನಡುವೆ ನಿಂತ ಸಾಹೇಬರು ಗತ್ತಿನಿಂದ, "ಹಾಲು ಹುಳಿಯಾಗಿರೋಕೆ ಸಾಧ್ಯವೇ ಇಲ್ಲ. ಇಲ್ಲಿ ಯಾರಿಗಾದ್ರೂ ವಾಸನೆ ಬರ್ತಿದೆಯಾ?" ಎಂದು ಕೇಳಿಬಿಟ್ಟರು. ಎಲ್ಲರೂ ಕೆರೆಯುವುದನ್ನು ನಿಲ್ಲಿಸಿ ಅವರನ್ನೇ ನೋಡಿದರು.

ಮನೆಗೆ ಬಂದವರು ಹೆಂಡತಿಯ ಮುಂದೆ ಕುಸಿದು ಕೂತರು.

"ನಂಗೆ ವಾಸನೆ ಗೊತ್ತಾಗ್ತಿಲ್ಲ ಕಣೇ. ನಾಳೆಯಿಂದ ಕ್ಯಾನ್ ತೊಳೀಬೇಕು."

"ನಂಗೆ ಗೊತ್ತಿತ್ತು," ಅಂದಳು ಆಕೆ, ತಟ್ಟೆ ಇಡುತ್ತಾ.

"ಗೊತ್ತಿತ್ತಾ? ಮತ್ತೆ ಹೇಳೋಕೇನಾಗಿತ್ತು? ಡಾಕ್ಟರ ಹತ್ರ ಹೋಗ್ತಿದ್ನಲ್ಲ!"

"ಮದುವೆಯಾದಾಗಿಂದ ಮೂಸಿ ಮೂಸಿ ತಟ್ಟೆ ಪಕ್ಕಕ್ಕೆ ತಳ್ತಿದ್ರಿ. ಈಗ ಕೆಲವು ವಾರದಿಂದ ನನ್ನ ಅಡುಗೆ ತೆಪ್ಪಗೆ ಉಣ್ತಿದ್ದೀರಿ. ಡಾಕ್ಟರು ವಾಸಿ ಮಾಡಿಬಿಟ್ರೆ ನನ್ನ ಗತಿ ಏನು?"