ಹರಗೋಲಿನೊಳಗೆ ಇಳಿದ ಸ್ಟ್ಯಾಂಡ್

ನಮ್ಮ ಮನೆತನದ ಯಾವ ಮದುವೆ, ಯಾವ ಸೀಮಂತವೇ ಇರಲಿ, ಊಟವಾಗಿ ನಾಲ್ಕು ಜನ ಕೂತರೆ ಸಾಕು, ನಮ್ಮ ಮಾವ, ಅಂದರೆ ಅಕ್ಕನ ಗಂಡ, ಆ ಹೊಳೆಯ ಕಥೆ ತೆಗೆಯುತ್ತಾರೆ. ಅವರ ಬಾಯಲ್ಲಿ ಅದೊಂದು ಸಾಹಸ. ಹರಗೋಲು ಹಳೆಯದಾಗಿತ್ತಂತೆ, ಅಂಬಿಗನಿಗೆ ಧೈರ್ಯ ಸಾಲಲಿಲ್ಲವಂತೆ, ಇವರು ಇದ್ದುದಕ್ಕೆ ಎಲ್ಲರ ಜೀವ ಉಳಿಯಿತಂತೆ. ಕಥೆ ಶುರುವಾದ ಕೂಡಲೇ ನಾನು ಕೈ ತೊಳೆಯಲು ಎದ್ದು ಹೋಗುತ್ತೇನೆ. ಕೈ ಆಗಲೇ ತೊಳೆದಿರುತ್ತದೆ. ಇಷ್ಟು ವರ್ಷ ಹೀಗೆ ಎದ್ದು ಹೋದದ್ದು ಸಾಕಾಗಿದೆ. ಆ ಹರಗೋಲಿನಲ್ಲಿ ಅವರ ಎದುರಿಗೆ ಕೂತಿದ್ದವನು ನಾನು. ಆದದ್ದನ್ನು ಆದ ಹಾಗೆ ಬರೆದಿಡುತ್ತೇನೆ.

ಕೊಪ್ಪಳ ಹೊಸ ಜಿಲ್ಲೆಯಾದ ಮರುವರ್ಷ. ಮಾವ ಕುಷ್ಟಗಿಯಲ್ಲಿ ಸರಕಾರಿ ಗುಮಾಸ್ತರು, ನಾನು ಬಿ.ಎಸ್ಸಿ. ಮುಗಿಸಿ ಅಕ್ಕನ ಮನೆಗೆ ಬಂದು ಕೂತಿದ್ದೆ. ಮಾವ ಹೊಸ ಮೋಟಾರ್ ಸೈಕಲ್ ತಂದಿದ್ದರು. ತಂದ ಮೇಲೆ ಅದನ್ನು ಎಲ್ಲಾದರೂ ಓಡಿಸಬೇಕಲ್ಲ. "ನಮ್ಮ ಜಿಲ್ಲಾ ನಾವ ನೋಡ್ಲಿಲ್ಲಂದ್ರ ಧಾರವಾಡದವ್ರು ಬಂದು ನೋಡ್ತಾರೇನು?" ಎಂದು ಹಾಳೆಯ ಮೇಲೆ ಒಂದು ವೃತ್ತ ಎಳೆದರು. ಯಲಬುರ್ಗಾ, ಕುಕನೂರು, ಇಟಗಿ, ಕೊಪ್ಪಳದ ಕೋಟೆ, ಮುನಿರಾಬಾದಿನ ನೆಂಟರ ಮನೆಯಲ್ಲಿ ರಾತ್ರಿ ವಸ್ತಿ, ಮರುದಿನ ಆನೆಗುಂದಿ, ಹೊಳೆಯ ನಡುವಿನ ಒಂದು ಗಡ್ಡೆ, ಕನಕಗಿರಿ ಮೇಲೆ ಹಾದು ಮತ್ತೆ ಮನೆ. ಒಂದೇ ಗಾಡಿಯ ಮೇಲೆ ಮೂವರು. ಮುಂದೆ ಮಾವ, ನಡುವೆ ನಾನು, ಹಿಂದೆ ಒಂದೇ ಕಡೆ ಕಾಲು ಹಾಕಿ, ತೊಡೆಯ ಮೇಲೆ ರೊಟ್ಟಿಗಂಟು ಇಟ್ಟುಕೊಂಡು ಅಕ್ಕ.

ಸೀಟಿನ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಮಾವ ಇನ್ನೂ ತೆಗೆದಿರಲಿಲ್ಲ. ಬಿಸಿಲಿಗೆ ಅದು ಕಾದು ಜಾರುತ್ತಿತ್ತು. ಪ್ರತಿ ಗುಂಡಿಗೂ ಅಕ್ಕ ಒಂದು ಗೇಣು ಹಿಂದೆ ಸರಿಯುತ್ತಿದ್ದಳು.

"ಆ ಹಾಳಿ ಹರದು ಒಗೀರಿ," ಎಂದಳು.

"ಸೀಟು ಹೊಲಸಾಗ್ತದ."

"ನಾ ಬಿದ್ರ?"

"ಬಿಎಸ್ಸಿ ಅದಾನಲ್ಲ, ಅವನ ಅಂಗಿ ಹಿಡ್ಕೋ." ನನಗೆ ಅವರು ಇಟ್ಟ ಹೆಸರು ಅದು.

ಇಟಗಿಯ ಗುಡಿಯನ್ನು ನಾನು ಮತ್ತು ಅಕ್ಕ ನೋಡಿದೆವು. ಮಾವ ಹೊರಗೆ ನಿಂತು ಅರಿವೆಯಿಂದ ಗಾಡಿಯ ಧೂಳು ಒರೆಸಿದರು. ಅಂಥ ಕಂಬಗಳನ್ನು ಬಿಟ್ಟು ಮಡ್‌ಗಾರ್ಡ್ ಉಜ್ಜುವವರಿಗೆ ಏನು ಹೇಳುವುದು? ಕೊಪ್ಪಳದ ಕೋಟೆಯನ್ನು ಅರ್ಧ ಹತ್ತಿದ್ದೆವು. ಕೆಳಗೆ ಗಾಡಿಯ ಹತ್ತಿರ ಎರಡು ಆಡು ಬಂದದ್ದು ಕಂಡಿತು. ಮಾವ ಅಲ್ಲಿಂದಲೇ ಕೂಗುತ್ತ ಇಳಿದುಬಿಟ್ಟರು. ಅಕ್ಕ ಮೆಟ್ಟಿಲ ಮೇಲೆ ಕೂತು, "ಆಡು ಅದಾವ, ಕಳ್ಳರಲ್ಲ," ಎಂದಳು. ಕೇಳುವವರು ಇರಲಿಲ್ಲ. ಕೋಟೆಯ ಮೇಲೆ ಏನಿದೆ ಎಂದು ನಾನು ನೋಡಿದ್ದು ಅದಾಗಿ ಆರು ವರ್ಷಕ್ಕೆ.

ಮರುದಿನ ಬೆಳಗ್ಗೆ ಹನುಮನಹಳ್ಳಿ ದಾಟಿ ಹೊಳೆಯ ದಂಡೆಗೆ ಬಂದೆವು. ಮಳೆಗಾಲ ಮುಗಿಯುತ್ತಿತ್ತು, ನೀರು ಕೆಂಪಾಗಿ, ಬಂಡೆಗಳ ನಡುವೆ ಸುಳಿ ಸುತ್ತಿಕೊಂಡು ಹೋಗುತ್ತಿತ್ತು. ಗಾಡಿಯನ್ನು ದಂಡೆಯಲ್ಲಿ ಬಿಟ್ಟು ಹೋಗೋಣ ಎಂದೆ. ಆದರೆ ಆ ಕಡೆ ಹರಗೋಲಿನಲ್ಲಿ ಮೋಟಾರ್ ಸೈಕಲ್ ದಾಟಿಸುವುದು ದಿನದ ಕೆಲಸ. ಗಡ್ಡೆಯ ಗದ್ದೆಗಳಿಗೆ ಗೊಬ್ಬರ ಹೋಗುವುದೂ ಹಾಗೆಯೇ. ಮಾವ ಅದನ್ನು ಕಣ್ಣಾರೆ ನೋಡಿಬಿಟ್ಟರು. ಇನ್ನು ಬಿಡುವುದುಂಟೆ?

ಹರಗೋಲೆಂದರೆ ಬಿದಿರಿನ ದೊಡ್ಡ ಬುಟ್ಟಿ. ತಳಕ್ಕೆ ಹೊರಗಿನಿಂದ ಪ್ಲಾಸ್ಟಿಕ್ ಚೀಲ ಸುತ್ತಿ ಡಾಂಬರು ಬಳಿದಿರುತ್ತಾರೆ. ನಮಗೂ ಹೊಳೆಗೂ ನಡುವೆ ಇರುವುದು ಅಷ್ಟೇ. ಅಂಬಿಗ ವಯಸ್ಸಾದವನು. ತಳದಲ್ಲಿ ಒಂದು ಹಲಗೆ ಹಾಕಿ, ಅದರ ಮೇಲೆ ಗಾಡಿಯ ಎರಡೂ ಚಕ್ರ ನಿಲ್ಲಿಸಿದ. ಮಾವನನ್ನು ಸೀಟಿನ ಮೇಲೆ ಕೂಡಿಸಿದ.

"ಸಾಹೇಬ್ರ, ಬ್ರೇಕ್ ಹಿಡ್ಕೊಂಡು ಎರಡೂ ಕಾಲು ಊರ್ಕೊಂಡು ಕೂಡ್ರಿ. ಏನ ಆಗ್ಲಿ, ಸ್ಟ್ಯಾಂಡ್ ಮಾತ್ರ ಇಳಿಸಬ್ಯಾಡ್ರಿ. ತಳ ತೂತು ಬೀಳ್ತದ."

"ನನಗ ಹೇಳ್ತೀ ಏನೋ ಯಜಮಾನ? ಎಂಟು ವರ್ಷ ಸ್ಕೂಟರ್ ಹೊಡ್ದೀನಿ."

"ಸ್ಕೂಟರ್ ನೆಲದ ಮ್ಯಾಲೆ ಹೊಡ್ದೀರಿ," ಎಂದ ಅಂಬಿಗ. ಅಕ್ಕ ಸೆರಗು ಬಾಯಿಗೆ ಹಿಡಿದು ನಕ್ಕಳು.

ಹೋಗುವಾಗ ಏನೂ ಆಗಲಿಲ್ಲ. ಗಡ್ಡೆಯಲ್ಲಿ ಬಾಳೆ, ಭತ್ತ, ಅದು ಮುಗಿದ ಮೇಲೆ ಜಾಲಿಮುಳ್ಳು, ಮನೆಯಷ್ಟೆತ್ತರದ ಬಂಡೆಗಳು, ಒಂದು ಒಡೆದ ಮಂಟಪ. ಸುತ್ತ ಒಂದು ದಾರಿ ಇದೆಯೆಂದು ಮಾವ ಹಾಳೆಯ ಮೇಲೆ ಬರೆದುಕೊಂಡಿದ್ದರು. ಹಾಳೆಯ ಮೇಲಷ್ಟೇ ಇತ್ತು. ಅರ್ಧ ಸುತ್ತನ್ನು ನಾನು ಹಿಂದಿನಿಂದ ಗಾಡಿ ನೂಕಿಯೇ ಮುಗಿಸಿದೆ. ಒಂದು ಬಂಡೆಯ ಮೇಲೆ ಎರಡು ನೀರುನಾಯಿಗಳು ಮೈ ಒಣಗಿಸಿಕೊಳ್ಳುತ್ತಿದ್ದವು. ಅಕ್ಕ ಉಸಿರು ಹಿಡಿದು ನಿಂತಳು. ಮಾವ ಅವು ಈ ಕಡೆ ತಿರುಗಲಿ ಎಂದು ಹಾರ್ನ್ ಹೊಡೆದರು. ಎರಡೂ ನೀರಿಗೆ ಬಿದ್ದು ಮಾಯವಾದವು. ಅಕ್ಕ ಏನೂ ಅನ್ನಲಿಲ್ಲ. ಅವಳು ಏನೂ ಅನ್ನದಿದ್ದಾಗ ಹೆದರಬೇಕು ಎಂಬುದು ನನಗೆ ಗೊತ್ತು, ಅವರಿಗೆ ಇಂದಿಗೂ ಗೊತ್ತಿಲ್ಲ.

ತಿರುಗಿ ಬರುವಾಗ ಗಾಳಿ ಎದ್ದಿತ್ತು. ನಡುಹೊಳೆಯಲ್ಲಿ ಹರಗೋಲು ಒಂದು ಸುತ್ತು ತಿರುಗಿತು. ಗಾಡಿ ಎಡಕ್ಕೆ ವಾಲಿತು. ಮಾವನ ಎಡಗಾಲು, ಎಂಟು ವರ್ಷದ ರೂಢಿ, ತಾನಾಗಿಯೇ ಹಿಂದಕ್ಕೆ ಹೋಗಿ ಸ್ಟ್ಯಾಂಡನ್ನು ಒದ್ದು ಇಳಿಸಿತು. ಅದು ಹಲಗೆಯ ಆಚೆ ಇಳಿಯಿತು. ಗಾಡಿಯ ಭಾರವೆಲ್ಲ ಅದರ ಮೇಲೆ ಬಿತ್ತು. ದೊಡ್ಡ ಸದ್ದೇನೂ ಇಲ್ಲ, ಚೀಲ ಹರಿದಷ್ಟೇ ಸದ್ದು. ಮಾವ ಗಾಬರಿಯಲ್ಲಿ ಸ್ಟ್ಯಾಂಡನ್ನು ಮೇಲೆತ್ತಿದರು. ಆ ತೂತಿನಿಂದ ನೀರು ಬುಗ್ಗೆಯ ಹಾಗೆ ಎದ್ದಿತು.

ಮೂವರಲ್ಲಿ ಮೊದಲು ಕೈ ಆಡಿಸಿದವಳು ಅಕ್ಕ. ರೊಟ್ಟಿಗಂಟನ್ನು ಹಾಗೆಯೇ ತೂತಿಗೆ ತುರುಕಿ ಅದರ ಮೇಲೆ ಮೊಣಕಾಲೂರಿದಳು. ನೀರು ನಿಲ್ಲಲಿಲ್ಲ, ಸಣ್ಣದಾಯಿತು. ನಾನು ಚಪ್ಪಲಿಯಿಂದ ನೀರು ಚೆಲ್ಲತೊಡಗಿದೆ. ನನಗೆ ಈಜು ಬಾರದು, ಅಕ್ಕನಿಗೂ ಬಾರದು.

"ಸಾಹೇಬ್ರ, ಗಾಡಿ ಬಿಡ್ರಿ," ಎಂದ ಅಂಬಿಗ, ಹುಟ್ಟು ಹಾಕುತ್ತಲೇ. "ಮೆಲ್ಲಕ ಹೊರಗ ಜಾರಿಸ್ರಿ. ಹಗುರ ಆದ್ರ ದಂಡಿ ಮುಟ್ಟಸ್ತೀನಿ."

"ಏನು ಮಾತಾಡ್ತೀ? ಇದಕ್ಕ ಇನ್ನ ನಂಬರ್ ಬಂದಿಲ್ಲ!"

"ನಂಬರ್ ಹೊಳಿ ಕೇಳೂದಿಲ್ರಿ!"

ಮಾವ ನನ್ನ ಕಡೆ ತಿರುಗಿದರು. "ಏ ಬಿಎಸ್ಸಿ, ನೀ ಹೇಳು. ಗಾಡಿ ಜಾರಿಸಿದ್ರ ಹರಗೋಲು ಮಗುಚೂದಿಲ್ಲೇನು?"

ಮೂರು ವರ್ಷ ಭೌತಶಾಸ್ತ್ರ ಓದಿದವನು ನಾನು. ಮಗುಚಬಹುದು, ಮಗುಚದೆಯೂ ಇರಬಹುದು. ನನ್ನ ಬಾಯಿಂದ ಒಂದು ಶಬ್ದ ಹೊರಡಲಿಲ್ಲ. ಮಾವನ ಮೇಲೆ ಎಷ್ಟು ಸಿಟ್ಟಿದೆಯೋ ಆ ಗಳಿಗೆಯ ನನ್ನ ಮೇಲೂ ಅಷ್ಟೇ ಇದೆ.

ಅಕ್ಕ ತಲೆ ಎತ್ತಿದಳು. ಅವಳ ಸೀರೆ ಸೊಂಟದವರೆಗೆ ನೆಂದಿತ್ತು. ದನಿ ಏರಿಸಲಿಲ್ಲ.

"ಏನ್ರಿ, ಗಾಡಿ ಬೇಕೋ ನಾ ಬೇಕೋ, ಈಗ ಹೇಳ್ರಿ."

ಮಾವ ಬಾಯಿ ತೆರೆದರು. ಅಕ್ಕನನ್ನು ನೋಡಿದರು. ಆಮೇಲೆ ಪೆಟ್ರೋಲ್ ಟ್ಯಾಂಕನ್ನು ನೋಡಿದರು. ಅಂಬಿಗನ ಹುಟ್ಟು ನೀರಿಗೆ ಬಿತ್ತು. ಎರಡನೆಯ ಸಲ ಬಿತ್ತು. ಮೂರನೆಯ ಸಲವೂ ಬಿತ್ತು. ಮಾವನ ಬಾಯಿ ಇನ್ನೂ ತೆರೆದೇ ಇತ್ತು. ಈಗಲೂ ಹಾಸಿಗೆಯಲ್ಲಿ ಕಣ್ಣು ಮುಚ್ಚಿದರೆ ನನಗೆ ಮೊದಲು ಕೇಳುವುದು ನೀರು ನುಗ್ಗುವ ಸದ್ದಲ್ಲ, ಆ ಮೂರು ಸಲದ ಹುಟ್ಟಿನ ಸದ್ದು.

ಅಷ್ಟರಲ್ಲಿ ಹರಗೋಲು ಒಂದು ಬಂಡೆಗೆ ಉಜ್ಜಿಕೊಂಡು ತಿರುಗಿತು. ಅಂಬಿಗ ಎದೆಮಟ್ಟದ ನೀರಿಗೆ ಧುಮುಕಿ ಅಂಚು ಹಿಡಿದು ಎಳೆದ. ದಂಡೆ ಅಲ್ಲೇ ಇತ್ತು. ಎಲ್ಲರೂ ಉಳಿದೆವು, ಗಾಡಿಯೂ ಉಳಿಯಿತು. ಉಳಿಸಿದವನು ಅಂಬಿಗ. ಯಾವ ಮದುವೆಯಲ್ಲೂ ಯಾರೂ ಅದನ್ನು ಹೇಳುವುದಿಲ್ಲ.

ದಂಡೆಯ ಮೇಲೆ ಅಕ್ಕ ಸೀರೆ ಹಿಂಡುತ್ತಿದ್ದಳು. ಮಾವ ಹತ್ತಿರ ಬಂದು, "ನಾ ಹೇಳಾಂವಿದ್ದೆ, ಅಷ್ಟರಾಗ ದಂಡಿ ಬಂತು," ಎಂದರು.

"ಬಂತಲ್ಲ, ಬಿಡ್ರಿ," ಎಂದಳು. ಅಂಬಿಗನಿಗೆ, "ಕಾಕಾ, ಗಂಗಾವತಿ ಬಸ್ಸು ಎಲ್ಲಿ ನಿಲ್ತದ?" ಎಂದು ಕೇಳಿದಳು.

ಅವಳ ಹಿಂದೆ ನಾನೂ ಬಸ್ಸು ಹತ್ತಿದೆ. ಮಾವ ಗಂಗಾವತಿಯವರೆಗೂ ಬಸ್ಸಿನ ಹಿಂದೆಯೇ ಬಂದರು. ಅಲ್ಲಿ ನಾವು ಕುಷ್ಟಗಿಯ ಬಸ್ಸಿಗೆ ಬದಲಾದೆವು. ಅದರ ಹಿಂದೆಯೂ ಬಂದರು. ರಸ್ತೆ ಅಗಲವಾದಲ್ಲಿ ಕಿಟಕಿಯ ಪಕ್ಕಕ್ಕೆ ಬಂದು ಹಾರ್ನ್ ಹೊಡೆಯುತ್ತಿದ್ದರು. ಇಡೀ ಬಸ್ಸು ಅವರನ್ನು ನೋಡಿತು, ಅಕ್ಕ ಮುಂದಿನ ಸೀಟಿನ ಬೆನ್ನು ನೋಡುತ್ತ ಕೂತಳು. ಅವರ ಸೀಟಿನ ಪ್ಲಾಸ್ಟಿಕ್ ಹಾಳೆ ಹರಿದು ಬಾಲದ ಹಾಗೆ ಹಾರುತ್ತಿತ್ತು.

ಕನಕಗಿರಿಯಲ್ಲಿ ಬಸ್ಸು ನಿಂತಾಗ ಮಾವ ಕಾಗದದಲ್ಲಿ ಬಿಸಿ ಮಿರ್ಚಿ ಕಟ್ಟಿಸಿಕೊಂಡು ಕಿಟಕಿಯ ಕೆಳಗೆ ಬಂದರು. ಒಂದು ಕೈಯಲ್ಲಿ ಮಿರ್ಚಿ, ಇನ್ನೊಂದು ಕೈಯಲ್ಲಿ ಗಾಡಿಯ ಹ್ಯಾಂಡಲ್. ಗಾಡಿ ವಾಲುತ್ತಿತ್ತು, ಅದನ್ನು ಸೊಂಟದಿಂದ ತಡೆದು ನಿಂತಿದ್ದರು. ಅಕ್ಕ ಅವರ ಎಡಗಾಲನ್ನೇ ನೋಡುತ್ತಿದ್ದಳು, ಅದಕ್ಕೆ ಅವರಿಗೆ ಅದನ್ನು ಎತ್ತಲು ಧೈರ್ಯವಾಗಲಿಲ್ಲ. ಡ್ರೈವರ್ ಬಸ್ಸು ಚಾಲು ಮಾಡಿದ.

ಅಕ್ಕ ಕೈ ಚಾಚಿ ಮಿರ್ಚಿಯ ಪೊಟ್ಟಣ ತೆಗೆದುಕೊಂಡು ನನ್ನ ತೊಡೆಯ ಮೇಲೆ ಇಟ್ಟಳು.

"ಸ್ಟ್ಯಾಂಡ್ ಹಾಕ್ರಿ," ಎಂದಳು. "ಇದು ನೆಲ ಐತಿ."