ಹೊಗೆಯಲ್ಲಿ ಕಪ್ಪಾದ ಮಡಿಕೆ

ಹೋದ ವಾರ ಲಂಡನ್ನಿನ ಕ್ವೀನ್ಸ್‌ಬರಿಯ ಗುಜರಾತಿ ಅಂಗಡಿಯಲ್ಲಿ ತೊಗರಿಬೇಳೆ ಹುಡುಕುತ್ತಿದ್ದೆ. ಕೆಳಗಿನ ಹಲಗೆಯಲ್ಲಿ, ಅಗರಬತ್ತಿಯ ಪಕ್ಕ, ಹೋಮಕ್ಕೆಂದು ಇಟ್ಟಿದ್ದ ಬೆರಣಿಯ ಕಟ್ಟೊಂದು ಹರಿದಿತ್ತು. ಒಣ ಸಗಣಿಯ ವಾಸನೆ ಮೂಗಿಗೆ ಬಡಿದದ್ದೇ ಬೇಳೆ ಮರೆತು ನಿಂತುಬಿಟ್ಟೆ. ನೆನಪಾದದ್ದು ಕುಂದಾಪುರದ ನಮ್ಮ ದನದ ಹಟ್ಟಿಯಲ್ಲ; ರೇನರ್ಸ್ ಲೇನಿನ ಮಡಿಕೆ ಟೀಚರ್.

ಅವರು ನ್ಯೂ ಮೆಕ್ಸಿಕೋದವರು. ಅಮೆರಿಕದ ಮೂಲನಿವಾಸಿಗಳಾದ ಪ್ಯೂಬ್ಲೊ ಜನ. ಅಜ್ಜಿ, ತಾಯಿ, ಅಕ್ಕ ಎಲ್ಲರೂ ಮಡಿಕೆ ಮಾಡುವವರೇ. ಇಂಗ್ಲಿಷ್ ಗಂಡನ ಜೊತೆ ಇಲ್ಲಿಗೆ ಬಂದು, ಕಮ್ಯುನಿಟಿ ಸೆಂಟರಿನಲ್ಲಿ ಮಂಗಳವಾರ ಮಧ್ಯಾಹ್ನ ನಮ್ಮಂಥವರಿಗೆ ಕಲಿಸುತ್ತಿದ್ದರು. ಚಕ್ರ ಮುಟ್ಟುತ್ತಿರಲಿಲ್ಲ. ಮಣ್ಣನ್ನು ಹಗ್ಗದಂತೆ ಹೊಸೆದು, ಸುತ್ತಿನ ಮೇಲೆ ಸುತ್ತು ಇಟ್ಟು, ಒಣ ಸೋರೆಬುರುಡೆಯ ಚೂರಿನಿಂದ ಹೆರೆಯುತ್ತಿದ್ದರು. ನಾನು ಕೋಡುಬಳೆ ಹೊಸೆದ ಕೈಯವಳು, ಅಷ್ಟು ಮಾತ್ರ ಬೇಗ ಬಂತು… ಆಮೇಲೆ ಕೆಂಪು ಮಣ್ಣಿನ ತಿಳಿ ಬಳಿದು, ತಾಯಿ ಕೊಟ್ಟ ನುಣುಪು ಕಲ್ಲಿನಿಂದ ಉಜ್ಜುವ ಕೆಲಸ. ಒಮ್ಮೆ ಹಿಡಿದರೆ ಮುಗಿಯುವ ತನಕ ಬಿಡುವಂತಿಲ್ಲ, ಬಿಟ್ಟರೆ ಗೆರೆ ಬೀಳುತ್ತದೆ. ಡಾಕ್ಟರ ಫೋನ್ ಬಂದರೂ ಅವರು ಎತ್ತುತ್ತಿರಲಿಲ್ಲ.

ಒಮ್ಮೆ ತಮ್ಮೂರಿನ ಕಪ್ಪು ಮಡಿಕೆಯ ಫೋಟೊ ತೋರಿಸಿದಾಗ, ಯಾವ ಪೇಂಟ್ ಎಂದು ಯಾರೋ ಕೇಳಿದರು. ಪೇಂಟ್ ಅಲ್ಲ, ಹೊಗೆ, ಎಂದರು ಟೀಚರ್. ಉರಿಯುವ ಬೆಂಕಿಯ ಮೇಲೆ ಸಗಣಿಪುಡಿ ಸುರಿದು ಉಸಿರು ಕಟ್ಟಿಸಿದರೆ ಕೆಂಪು ಮಡಿಕೆ ಕಪ್ಪಾಗುತ್ತದಂತೆ. ಯಾರೂ ನಂಬಿದಂತೆ ಕಾಣಲಿಲ್ಲ. ಸೆಂಟರಿನ ಬೇಸಿಗೆ ಪ್ರದರ್ಶನಕ್ಕೆ ಮಾಡಿಯೇ ತೋರಿಸುತ್ತೇನೆಂದು ಅವರು ಹೊರಟರು. ಅಕ್ಕ ಊರಿನಿಂದ ಡಬ್ಬಿಯಲ್ಲಿ ಕಳಿಸಿದ್ದ ಕೆಂಪು ಮಣ್ಣು ಎರಡೇ ಮಡಿಕೆಗೆ ಸಾಲುವಷ್ಟಿತ್ತು.

ಸಗಣಿಗೆ ನಾನಿದ್ದೇನಲ್ಲ ಅಂದೆ. ಎರಡು ಚೀಲ ಬೆರಣಿಯನ್ನು ಟ್ಯೂಬ್ ರೈಲಿನಲ್ಲಿ ಹೊತ್ತು ತಂದೆ. ಮನೆಯವರಿಗೆ ನಗು.

“ಲಂಡನ್ನಿಗ್ ಬಂದ್ರೂ ನಿಂಗ್ ಸಗಣಿ ಹೊರೂದ್ ತಪ್ಲಿಲ್ಲ ಕಾಣ್.”

ಟೀಚರ್ ಗಂಡ ಕೌನ್ಸಿಲ್‌ನಿಂದ ಬಾಡಿಗೆಗೆ ಪಡೆದಿದ್ದ ತರಕಾರಿ ತೋಟದಲ್ಲಿ ಬೆಂಕಿ ಹಾಕಿದೆವು. ಮೊದಲ ಮಡಿಕೆ ಕಾದು ಬಂದಾಗ, ನಾನು ಕುಟ್ಟಿಟ್ಟ ಪುಡಿ ಸುರಿದರು. ದಟ್ಟ ಹೊಗೆ ಎದ್ದಿತು. ಅವರು ನೀರು ತರಲು ನಲ್ಲಿಯ ಕಡೆ ಹೋದರು. ಹೊಗೆಯಾಡುವ ಒಲೆ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ… ಕೋಲಿನಿಂದ ಕೆದಕಿ, ಬಗ್ಗಿ ಊದಿಯೇಬಿಟ್ಟೆ. ಭಗ್ಗೆಂದು ಉರಿ ಎದ್ದ ಮೇಲೆಯೇ ಏನು ಮಾಡಿದೆನೆಂದು ತಿಳಿದದ್ದು.

ಬೂದಿ ಸರಿಸಿದಾಗ ಒಂದು ಮಗ್ಗುಲು ಕಪ್ಪು, ಇನ್ನೊಂದು ಮಗ್ಗುಲು ಮಾಸಲು ಕಂದು. ನನಗೆ ಅಳು ಬಂತು. ಹೀಗೂ ಚೆಂದವಿದೆ, ಇದನ್ನೇ ಇಡಿ ಎಂದರು ಕ್ಲಾಸಿನ ಒಬ್ಬರು. ಟೀಚರ್ ಒಪ್ಪಲಿಲ್ಲ. ಅವರೇನು ಹಳೆಯದಕ್ಕೇ ಜೋತುಬಿದ್ದವರಲ್ಲ. ಅಕ್ಕನ ಮಗಳು ಮಡಿಕೆಯ ಮೇಲೆ ರೈಲು, ಕರೆಂಟ್ ಕಂಬ ಕೆತ್ತುತ್ತಾಳೆಂದು ಫೋನಿನಲ್ಲಿ ಎಲ್ಲರಿಗೂ ತೋರಿಸುತ್ತಿದ್ದರು. ಏನನ್ನಾದರೂ ಕೆತ್ತಲಿ, ಕಪ್ಪು ಮಾತ್ರ ಕಪ್ಪೇ ಆಗಿರಬೇಕು ಅನ್ನುವುದು ಅವರ ಲೆಕ್ಕ.

ಉಳಿದ ಮಣ್ಣಿನಿಂದ ಎರಡನೆಯದು ತಯಾರಾಯಿತು. ಸುಡುವ ದಿನ ನಾನು ಬರುವುದಿಲ್ಲ ಎಂದು ಹಠ ಹಿಡಿದೆ. ಅವರೇ ಕಾರು ತಂದು ಕರೆದೊಯ್ದರು. ಪುಡಿ ಸುರಿಯುವ ಹೊತ್ತಿಗೆ ಬುಟ್ಟಿಯನ್ನು ನನ್ನ ಕೈಗೇ ಕೊಟ್ಟರು.

“ಗಾಳಿ ಎಲ್ಲಿಂದ ನುಗ್ಗುತ್ತದೆ ಅಂತ ಈಗ ನಿನಗೇ ಚೆನ್ನಾಗಿ ಗೊತ್ತು, ಸಿಸ್ಟರ್. ಮುಚ್ಚು.”

ಮುಚ್ಚಿದೆ. ಕೈ ಕಟ್ಟಿ ಕೂತೆ. ಕಣ್ಣುರಿ, ಕೆಮ್ಮು… ಕೋಲು ಮುಟ್ಟಲಿಲ್ಲ.

ಎಣ್ಣೆ ಕುಡಿದ ದೋಸೆ ಕಾವಲಿಯಂತೆ ಕಪ್ಪಗೆ ಮಿರಮಿರ ಮಿಂಚುತ್ತ ಬಂತು ಮಡಿಕೆ! ಪ್ರದರ್ಶನದಲ್ಲಿ ಯಾರು ಹೊಗಳಿದರೂ ಟೀಚರ್ ನನ್ನತ್ತ ಕೈ ತೋರಿಸಿ, ಬೆಂಕಿ ಮುಚ್ಚಿದವಳು ಇವಳು ಎನ್ನುತ್ತಿದ್ದರು. ಅವತ್ತಿನಷ್ಟು ನೆಟ್ಟಗೆ ನಾನು ಈ ಊರಿನಲ್ಲಿ ಇನ್ನೆಲ್ಲೂ ನಿಂತಿಲ್ಲ.

ಅವರು ತೀರಿಕೊಂಡು ಎರಡು ಚಳಿಗಾಲ ಕಳೆದವು. ಆ ಕಪ್ಪು ಮಡಿಕೆಯನ್ನು ಅವರ ಅಕ್ಕ ಬಂದು ಊರಿಗೆ ಕೊಂಡೊಯ್ದರು, ಅದು ಸರಿಯೇ. ಈ ಬೇಸಿಗೆ ಕ್ಲಾಸಿನವರೆಲ್ಲ ಸೇರಿ ಅದೇ ತೋಟದಲ್ಲಿ ನಮ್ಮ ನಮ್ಮ ಮಡಿಕೆ ಸುಟ್ಟೆವು. ಹೊಗೆ ಇಳಿಯುತ್ತಿತ್ತು. ಬೂದಿ ಸರಿಸಬಹುದೇ ಎಂದು ಒಬ್ಬರು ಕೇಳಿದರು. ಅದನ್ನೇ ಕೇಳಲೆಂದು ನಾನೂ ಹಿಂದೆ, ಟೀಚರ್ ನಿಲ್ಲುತ್ತಿದ್ದ ಕಡೆ ತಿರುಗಿದೆ… ಬೇಲಿ ಮಾತ್ರ ಇತ್ತು. ಈ ಕಡೆ ತಿರುಗಿದರೆ ಎಲ್ಲರ ಕಣ್ಣೂ ನನ್ನ ಮೇಲೆ.

ಇನ್ನೂ ಆಗಲಿಲ್ಲ, ಎಂದೆ.